ಕೈತಪ್ಪಿದ ಶುಗರನ್ನ ಮತ್ತೆ ಹಿಡಿತಕ್ಕೆ ತರೋದು: ಕೆಲಸ, ಮನೆ, ಮಕ್ಕಳ ಮಧ್ಯೆ ಟೈಪ್ 1 ಇರೋರಿಗೆ

ನನಗೆ ಟೈಪ್ 1 ಡಯಾಬಿಟಿಸ್, ಅಂದ್ರೆ ಮೈ ತಾನಾಗೇ ಇನ್ಸುಲಿನ್ ಮಾಡೋದನ್ನ ನಿಲ್ಲಿಸೋ ಶುಗರ್ ಕಾಯಿಲೆ ಅಂತ ಗೊತ್ತಾಗಿದ್ದು 13ನೇ ವಯಸ್ಸಲ್ಲಿ, ಈಗ 39. ಮನೆ ಮೈಸೂರಲ್ಲಿ, ಕೆಲಸ ಮಂಡ್ಯದಲ್ಲಿ ಒಂದು ಬ್ಯಾಂಕಲ್ಲಿ, ದಿನಾ ಟ್ರೈನಲ್ಲಿ ಹೋಗಿ ಬರೋದು, ಇಬ್ಬರು ಮಕ್ಕಳು, ಮನೇಲಿ ಅತ್ತೆ ಮಾವ. ಮದುವೆಗೆ ಮುಂಚೆ ಎಚ್‌ಬಿಎ1ಸಿ ಅನ್ನೋ ರಕ್ತ ಪರೀಕ್ಷೆ ನಂಬರನ್ನ 7ರ ಆಸುಪಾಸಲ್ಲೇ ಇಟ್ಕೊಂಡಿದ್ದೋಳು, ಎರಡನೇ ಮಗು ಆಗಿ ಮೂರು ವರ್ಷದಲ್ಲಿ 10.4ಕ್ಕೆ ಹೋಗಿ ಕೂತಿದ್ದೆ. 7 ಅಂದ್ರೆ ಸುಮಾರು ಮೂರು ತಿಂಗಳ ಸರಾಸರಿ ಶುಗರ್ 154ರ ಹತ್ತಿರ, 10.4 ಅಂದ್ರೆ 250. ಅಂದ್ರೆ ನಾನು ಹಗಲೂ ರಾತ್ರಿ 250ರಲ್ಲೇ ಓಡಾಡ್ತಿದ್ದೆ, ಅದೇ ಸುಸ್ತು ಅದೇ ಸಿಡುಕು ನನ್ನ ಸ್ವಭಾವ ಅಂತ ಮನೆಯವರೂ ಅಂದ್ಕೊಂಡಿದ್ರು, ನಾನೂ ಅಂದ್ಕೊಂಡಿದ್ದೆ.

ಗೊತ್ತಿಲ್ಲದೆ ಆಗಿದ್ದಲ್ಲ ಇದು. 26 ವರ್ಷದ ಕಾಯಿಲೆ, ಏನ್ ಮಾಡ್ಬೇಕು ಅಂತ ಎಲ್ಲಾ ಗೊತ್ತಿತ್ತು. ಬೆಳಗ್ಗೆ 5ಕ್ಕೆ ಎದ್ದು ನಾಲ್ಕು ಡಬ್ಬಿ ಕಟ್ಟಿ ಟ್ರೈನ್ ಹಿಡಿಯೋ ಗಡಿಬಿಡೀಲಿ ಇನ್ಸುಲಿನ್ ತಗೊಂಡ್ನಾ ಇಲ್ವಾ ಅನ್ನೋದೇ ನೆನಪಿರ್ತಿರಲಿಲ್ಲ, ಚೆಕ್ ಮಾಡಿದ್ರೆ 300 ಬರತ್ತೆ ಅನ್ನೋ ಭಯಕ್ಕೆ ಚೆಕ್ ಮಾಡೋದನ್ನೇ ಬಿಟ್ಟಿದ್ದೆ. ನಿಮ್ದೂ ಹಿಂಗೇ ಇದ್ರೆ ಇದು ನಿಮಗೋಸ್ಕರ. ನಾನು ಕಲ್ತಿದ್ದು ಇಷ್ಟೇ, ಊಟದಲ್ಲಿ ಇನ್ನೂ ಕಟ್ಟುನಿಟ್ಟು ಮಾಡೋದ್ರಿಂದ ಹಿಡಿತ ವಾಪಸ್ ಬರಲ್ಲ, ಯಾವುದನ್ನ ಮೊದಲು ಸರಿ ಮಾಡ್ಬೇಕು ಅನ್ನೋ ಕ್ರಮದಿಂದ ಬರತ್ತೆ. ಎಲ್ಲಾನೂ ಸೋಮವಾರದಿಂದ ಶುರು ಮಾಡ್ತೀನಿ ಅಂತ ಹೊರಟಾಗೆಲ್ಲ ಗುರುವಾರಕ್ಕೆ ಬಿಟ್ಟಿದ್ದೀನಿ.

1. ಮೊದಲು ಕಣ್ಣು ತೋರಿಸ್ಕೊಳ್ಳಿ

ಇದನ್ನ ಯಾಕೆ ಮೊದಲು ಹೇಳ್ತಿದ್ದೀನಿ ಅಂದ್ರೆ, ತುಂಬಾ ದಿನ ಹೈ ಇದ್ದ ಶುಗರನ್ನ ಒಂದೇ ಸಲ ಜೋರಾಗಿ ಇಳಿಸಿದ್ರೆ, ಕಣ್ಣಿನ ರೆಟಿನಾದಲ್ಲಿ ಆಗಲೇ ತೊಂದರೆ ಇದ್ದೋರಿಗೆ ಅದು ಸ್ವಲ್ಪ ಕಾಲ ಜಾಸ್ತಿ ಆಗೋ ಸಾಧ್ಯತೆ ಇದೆ. ಹಾಗಂತ ಇಳಿಸೋದೇ ಬೇಡ ಅಂತಲ್ಲ, ಅಮೆರಿಕ ಕೆನಡಾದಲ್ಲಿ 1983ರಿಂದ 1993ರವರೆಗೆ 1441 ಜನ ಟೈಪ್ 1 ಇರೋರ ಮೇಲೆ ನಡೆದ ಡಿಸಿಸಿಟಿ ಅನ್ನೋ ಅಧ್ಯಯನದಲ್ಲಿ, ಶುರುವಲ್ಲಿ ಕಣ್ಣು ಚೆನ್ನಾಗಿದ್ದೋರು ಶುಗರ್ ಬಿಗಿಯಾಗಿ ಇಟ್ಕೊಂಡಾಗ ಕಣ್ಣಿನ ತೊಂದರೆ ಬರೋ ಅಪಾಯ 76% ಕಡಿಮೆ ಆಯ್ತು. ದೊಡ್ಡ ಲಾಭ ಇರೋದು ಇಳಿಸೋದ್ರಲ್ಲೇ. ಆದ್ರೆ ಕಣ್ಣಿನ ಡಾಕ್ಟ್ರು ಹನಿ ಹಾಕಿ ಹಿಂದಿನ ಪರದೆ ನೋಡಿ, ಎಷ್ಟು ನಿಧಾನ ಇಳಿಸ್ಬೇಕು ಅಂತ ನಿಮ್ಮ ಶುಗರ್ ಡಾಕ್ಟ್ರು ಅದನ್ನ ನೋಡ್ಕೊಂಡು ಹೇಳ್ಲಿ. ಹನಿ ಹಾಕಿದ ದಿನ ಮೂರ್ನಾಲ್ಕು ಗಂಟೆ ಕಣ್ಣು ಮಂಜು ಇರತ್ತೆ, ಗಾಡಿ ಓಡಿಸೋಕಾಗಲ್ಲ, ಅರ್ಧ ದಿನ ರಜಾ ಹಾಕಿ. ಅದೇ ದಿನ ಎಚ್‌ಬಿಎ1ಸಿ, ಕಿಡ್ನಿ ನೋಡೋಕೆ ಕ್ರಿಯಾಟಿನಿನ್ ಮತ್ತು ಮೂತ್ರದಲ್ಲಿ ಆಲ್ಬುಮಿನ್, ಥೈರಾಯ್ಡ್ ಎಲ್ಲಾ ಟೆಸ್ಟಿಗೆ ಕೊಟ್ಬಿಡಿ. ಟೈಪ್ 1 ಇರೋರಿಗೆ ಥೈರಾಯ್ಡ್ ಜೊತೆಗೆ ಬರೋದು ಸಾಮಾನ್ಯ, ಸುಸ್ತಿಗೆ ಅದೂ ಕಾರಣ ಇರಬಹುದು.

2. ಹೊಟ್ಟೆ ಮುಟ್ಟಿ ನೋಡ್ಕೊಳ್ಳಿ, ಇನ್ಸುಲಿನ್ ನೋಡ್ಕೊಳ್ಳಿ

ನನ್ನ ಡೋಸು ವರ್ಷ ವರ್ಷ ಏರ್ತಾನೇ ಇತ್ತು, ಯಾರೂ ಯಾಕೆ ಅಂತ ಕೇಳಿರಲಿಲ್ಲ. ಕೊನೆಗೆ ಒಬ್ಬ ನರ್ಸಮ್ಮ ನನ್ನ ಮಲಗಿಸಿ, ಕೈಗೆ ಸ್ವಲ್ಪ ಜೆಲ್ ಹಚ್ಕೊಂಡು ಹೊಕ್ಕುಳಿನ ಎಡಕ್ಕೆ ಬಲಕ್ಕೆ ನಿಧಾನವಾಗಿ ಬೆರಳು ಓಡಿಸಿದ್ರು. ಬಲಗಡೆ ಒಂದು ಕಡೆ ನಿಂತ್ರು, ನನ್ನ ಬೆರಳು ಹಿಡಿದು ಅಲ್ಲೇ ಇಟ್ರು. ನಿಂಬೆಹಣ್ಣಿನ ಗಾತ್ರದ ಮೆತ್ತನೆ ಗುಡ್ಡೆ. "ಇಲ್ಲೇ ಚುಚ್ಕೊತೀರಲ್ವಾ ದಿನಾ?" ಅಂದ್ರು. ಹೌದು, ಅಲ್ಲಿ ನೋವೇ ಆಗ್ತಿರಲಿಲ್ಲ, ಗಡಿಬಿಡೀಲಿ ಕೈ ತಾನಾಗೇ ಅಲ್ಲಿಗೆ ಹೋಗ್ತಿತ್ತು. ಒಂದೇ ಜಾಗದಲ್ಲಿ ಚುಚ್ಚಿ ಚುಚ್ಚಿ ಕೊಬ್ಬು ಗಂಟು ಕಟ್ಟಿದ್ರೆ ಅಲ್ಲಿ ಹಾಕಿದ ಇನ್ಸುಲಿನ್ ಒಂದಿನ ಹೀರ್ಕೊಳ್ಳತ್ತೆ ಒಂದಿನ ಇಲ್ಲ, ಇವತ್ತು 300 ನಾಳೆ 55 ಅನ್ನೋ ಆಟಕ್ಕೆ ಅರ್ಧ ಕಾರಣ ಅದೇ ಆಗಿತ್ತು.

ಹಾಗಾಗಿ ಸ್ನಾನ ಮಾಡುವಾಗ ಸೋಪಿನ ಕೈಯಲ್ಲೇ ಹೊಟ್ಟೆ, ತೊಡೆ ಒತ್ತಿ ನೋಡ್ಕೊಳ್ಳಿ. ಗುಡ್ಡೆ ಇದ್ರೆ ತಿಂಗಳುಗಟ್ಟಲೆ ಆ ಜಾಗ ಬಿಡ್ಬೇಕು. ಆದ್ರೆ ಹುಷಾರು, ಹೊಸ ಜಾಗದಲ್ಲಿ ಅದೇ ಡೋಸ್ ಪೂರ್ತಿ ಕೆಲಸ ಮಾಡಿ ಲೋ ಆಗತ್ತೆ, ಅಂದ್ರೆ ಶುಗರ್ 70ಕ್ಕಿಂತ ಕೆಳಗೆ ಬೀಳತ್ತೆ, ಎಷ್ಟು ಕಮ್ಮಿ ಮಾಡ್ಬೇಕು ಅಂತ ಡಾಕ್ಟ್ರನ್ನ ಕೇಳಿಯೇ ಜಾಗ ಬದಲಾಯಿಸಿ. 4 ಎಂಎಂ ಸೂಜಿ ಸಾಕು, ಸೂಜಿ ಆಗಾಗ ಬದಲಾಯಿಸಿ, ವಾರಗಟ್ಟಲೆ ಒಂದೇ ಸೂಜಿ ಹಾಕ್ಬೇಡಿ.

ಇನ್ಸುಲಿನ್ ಇಡೋದು: ಇನ್ನೂ ಸೀಲ್ ಒಡೆಯದೇ ಇರೋದು ಫ್ರಿಜ್ಜಲ್ಲಿ, ಫ್ರೀಜರ್ ಹತ್ರ ಬೇಡ, ಒಂದ್ಸಲ ಗಟ್ಟಿಯಾದ್ರೆ ಎಸೀಬೇಕು. ಬಳಸ್ತಿರೋ ಇನ್ಸುಲಿನ್ ಪೆನ್ನು ಹೊರಗೇ ಇರಬಹುದು, ಬಿಸಿಲು ತಾಗದ ತಂಪು ಜಾಗದಲ್ಲಿ, ಸಾಮಾನ್ಯವಾಗಿ 28 ದಿನ. ತೆಗೆದ ತಾರೀಖನ್ನ ಪೆನ್ನಿನ ಮೇಲೆ ಟೇಪ್ ಅಂಟಿಸಿ ಬರೀರಿ. ಏಪ್ರಿಲ್ ಬಿಸಿಲಲ್ಲಿ ಸ್ಕೂಟರ್ ಡಿಕ್ಕೀಲಿ ಇಟ್ಟ ಪೆನ್ನನ್ನ ನಂಬ್ಬೇಡಿ. ಬಾಟಲಿ ಸಿರಿಂಜ್ ಬಳಸೋರು ಇನ್ನೊಂದು ನೋಡ್ಕೊಳ್ಳಿ, ನಮ್ಮಲ್ಲಿ ಒಂದು ಎಂಎಲ್‌ಗೆ 40 ಯೂನಿಟ್ ಇರೋ ಬಾಟಲಿನೂ ಇದೆ 100 ಯೂನಿಟ್ ಇರೋ ಬಾಟಲಿನೂ ಇದೆ, 40ಕ್ಕೆ ಕೆಂಪು ಮುಚ್ಚಳದ ಸಿರಿಂಜ್, 100ಕ್ಕೆ ಕಿತ್ತಳೆ ಮುಚ್ಚಳದ್ದು, ಅದಲು ಬದಲಾದ್ರೆ ಡೋಸು ಎರಡೂವರೆ ಪಟ್ಟು ಹೆಚ್ಚುಕಮ್ಮಿ ಆಗತ್ತೆ.

3. ಒಂದು ವಾರ ಬರೀ ಬರೀರಿ

ಏನೂ ಬದಲಾಯಿಸ್ಬೇಡಿ, ಲೋ ಆದ್ರೆ ಮಾತ್ರ ಸರಿ ಮಾಡ್ಕೊಳ್ಳಿ. ಎದ್ದ ತಕ್ಷಣ, ಮೂರು ಊಟಕ್ಕೆ ಮುಂಚೆ, ಮಲಗೋ ಮುಂಚೆ, ಇನ್ನು ವಾರದಲ್ಲಿ ಎರಡು ರಾತ್ರಿ 3 ಗಂಟೆಗೆ. ಸ್ಟ್ರಿಪ್ ಖರ್ಚು ಜಾಸ್ತಿನೇ, ಒಪ್ತೀನಿ, ಅದಕ್ಕೇ ಒಂದು ವಾರ ಅಂದಿದ್ದು. ಕೈಲಾದ್ರೆ ತೋಳಿಗೆ ಅಂಟಿಸೋ ಸೆನ್ಸರ್ ಒಂದು ಹಾಕಿಸ್ಕೊಳ್ಳಿ, ನಾನು ಹಾಕಿಸ್ಕೊಂಡಿದ್ದು 14 ದಿನ ಇತ್ತು, ರಾತ್ರಿ ಏನಾಗ್ತಿದೆ ಅನ್ನೋ ಗೆರೆ ಕಣ್ಮುಂದೆ ಬರತ್ತೆ. ದಿನದಲ್ಲಿ 70ರಿಂದ 180ರ ಒಳಗೆ ಇರೋ ಸಮಯ 70% ದಾಟ್ಬೇಕು, 70ಕ್ಕಿಂತ ಕೆಳಗೆ 4% ಮೀರಬಾರ್ದು, ಇದು ಬಹಳಷ್ಟು ದೊಡ್ಡೋರಿಗೆ ಹೇಳೋ ಗುರಿ. ನನ್ನದು ಶುರುವಲ್ಲಿ 24% ಇತ್ತು.

ನೋಟ್‌ಬುಕ್ಕಲ್ಲಿ ನಂಬರ್ ಪಕ್ಕ ಒಂದೊಂದು ಪದ ಬರೀರಿ: "ಟ್ರೈನ್ ಲೇಟು", "ಮಗು ಜ್ವರ", "ಆಡಿಟ್". ಹೆಂಗಸರು ಮುಟ್ಟಿನ ತಾರೀಖನ್ನೂ ಬರೀರಿ, ತುಂಬಾ ಜನಕ್ಕೆ ಅದಕ್ಕೆ ಮುಂಚಿನ ಕೆಲವು ದಿನ ಶುಗರ್ ಏರತ್ತೆ, ನನಗೆ ಇದನ್ನ ಹೇಳೋಕೆ 20 ವರ್ಷ ಯಾರೂ ಸಿಗಲಿಲ್ಲ. ನಂಬರ್ ಕೆಟ್ಟದ್ದು ಬಂದ್ರೆ ಬರೀದೇ ಇರ್ಬೇಡಿ. ಆ 340ನ್ನ ಬರೆದ್ರೇನೇ ಡಾಕ್ಟ್ರಿಗೆ ಏನಾದ್ರೂ ಮಾಡೋಕಾಗೋದು.

4. ರಾತ್ರಿಯನ್ನ ಸರಿ ಮಾಡಿ

ನನ್ನ ಪ್ರಕಾರ ಎಲ್ಲದರ ಬುಡ ಇದೇ. ಬೆಳಗ್ಗೆ 120ರಲ್ಲಿ ಎದ್ದ ದಿನ ಎಲ್ಲಾ ಲೆಕ್ಕ ಕೂಡತ್ತೆ, 280ರಲ್ಲಿ ಎದ್ದ ದಿನ ಸಂಜೆವರೆಗೂ ಅಟ್ಟಿಸ್ಕೊಂಡು ಓಡೋದೇ ಆಗತ್ತೆ. ರಾತ್ರಿ ಶುಗರನ್ನ ಹಿಡ್ಕೊಂಡಿರೋದು ದಿನಪೂರ್ತಿ ನಿಧಾನಕ್ಕೆ ಕೆಲಸ ಮಾಡೋ ಲಾಂಗ್ ಆಕ್ಟಿಂಗ್ ಇನ್ಸುಲಿನ್, ಅಂದ್ರೆ ಲ್ಯಾಂಟಸ್, ಟ್ರೆಸಿಬಾ ಥರದ್ದು. ಅದು ಸರಿ ಇದ್ಯಾ ಅಂತ ನೋಡೋಕೆ ಒಂದು ಸಂಜೆ 7ಕ್ಕೇ ಮಾಮೂಲಿ ಊಟ ಮುಗಿಸಿ, ಎಣ್ಣೆ ಪದಾರ್ಥ ಬೇಡ, ಆಮೇಲೆ ಏನೂ ತಿನ್ಬೇಡಿ. 11ಕ್ಕೆ, 3ಕ್ಕೆ, 6ಕ್ಕೆ ಚೆಕ್ ಮಾಡಿ. 30 ಪಾಯಿಂಟ್ ಒಳಗೆ ಏರಿಳಿದ್ರೆ ಡೋಸು ಸರಿ ಇದೆ ಅಂತ. 3ರವರೆಗೂ ಸಮ ಇದ್ದು ಆಮೇಲೆ ಏರಿದ್ರೆ ಅದು ಬೆಳಗಿನ ಜಾವದ ಹಾರ್ಮೋನಿನ ಕೆಲಸ, 3ಕ್ಕೆ ತೀರಾ ಕೆಳಗೆ ಹೋಗಿದ್ರೆ ಡೋಸು ಜಾಸ್ತಿ. ಎರಡಕ್ಕೂ ಪರಿಹಾರ ಬೇರೆ ಬೇರೆ, ಅದಕ್ಕೇ 3 ಗಂಟೆ ನಂಬರ್ ಇಲ್ಲದೆ ರಾತ್ರಿ ಡೋಸ್ ಏರಿಸ್ಬೇಡಿ.

ಡೋಸ್ ಸರಿ ಇದ್ರೂ ನಾನು ವಾರಕ್ಕೆ ಎರಡು ಸಲ ಮರೀತಿದ್ದೆ, ಮಗೂನ ಮಲಗಿಸ್ತಾ ನಾನೇ ಮಲಗಿಬಿಡ್ತಿದ್ದೆ. ಮೊಬೈಲ್ ಅಲಾರಂ ಕೆಲಸ ಮಾಡಲಿಲ್ಲ, ಆಫ್ ಮಾಡಿ ಮರ್ತೋಗ್ತಿದ್ದೆ. ಕೆಲಸ ಮಾಡಿದ್ದು ಹೆಪ್ಪು. ರಾತ್ರಿ 9ಕ್ಕೆ ಹಾಲಿಗೆ ಹೆಪ್ಪು ಹಾಕೋದನ್ನ ನಾನು ಒಂದಿನಾನೂ ಮರ್ತಿಲ್ಲ, ಯಾಕಂದ್ರೆ ಮರೆತ್ರೆ ಬೆಳಗ್ಗೆ ಮಾವನೋರಿಗೆ ಮೊಸರಿಲ್ಲ. ಪೆನ್ನನ್ನ ಹೆಪ್ಪಿನ ಬಟ್ಟಲ ಪಕ್ಕ ಒಂದು ಸ್ಟೀಲ್ ಲೋಟದಲ್ಲಿ ನಿಲ್ಲಿಸಿದೆ. ಹೆಪ್ಪು ಹಾಕು, ಚುಚ್ಕೋ, ಮುಚ್ಚಳ ಮುಚ್ಚು. ಎಂಟು ತಿಂಗಳಲ್ಲಿ ಎರಡೇ ಸಲ ತಪ್ಪಿರೋದು. ನಿಮ್ಮ ಮನೇಲಿ ಯಾವ ಕೆಲಸ ತಪ್ಪೋದೇ ಇಲ್ವೋ ಅದಕ್ಕೆ ಕಟ್ಟಿ ಹಾಕಿ.

ದಿನಕ್ಕೆ ಎರಡು ಸಲ 30/70 ಮಿಕ್ಸ್ ಇನ್ಸುಲಿನ್, ಅಂದ್ರೆ ಬೇಗ ಕೆಲಸ ಮಾಡೋದನ್ನೂ ನಿಧಾನಕ್ಕೆ ಮಾಡೋದನ್ನೂ ಬೆರೆಸಿರೋದು, ತಗೊಳ್ತಿರೋರು ಟೈಮಿಗೆ ಸರಿಯಾಗಿ ಊಟ ಮಾಡ್ಲೇಬೇಕು, ಓಡಾಟದ ಕೆಲಸ ಇರೋರಿಗೆ ಅದು ಕಷ್ಟ. ಲಾಂಗ್ ಆಕ್ಟಿಂಗ್ ಒಂದು, ಊಟಕ್ಕೊಂದು ಅನ್ನೋ ಕ್ರಮಕ್ಕೆ ಬದಲಾಯಿಸೋಕಾಗತ್ತಾ ಅಂತ ಡಾಕ್ಟ್ರನ್ನ ಕೇಳಿ. ಚುಚ್ಚೋದು ಜಾಸ್ತಿ, ಆದ್ರೆ ಊಟ ಒಂದು ಗಂಟೆ ಲೇಟಾದ್ರೆ ಜೀವ ಹೋಗಲ್ಲ.

5. ಒಂದೇ ಒಂದು ಊಟ ಹಿಡ್ಕೊಳ್ಳಿ

ನಾನು ತಿಂಡಿ ಹಿಡ್ಕೊಂಡೆ. ಒಂದು ಅಡುಗೆಮನೆ ಡಿಜಿಟಲ್ ತಕ್ಕಡಿ ತಂದೆ. ನಮ್ಮನೆ ಇಡ್ಲಿ 40 ಗ್ರಾಂ ತೂಗತ್ತೆ, ಅದ್ರಲ್ಲಿ ಕಾರ್ಬ್, ಅಂದ್ರೆ ಮೈಯಲ್ಲಿ ಶುಗರ್ ಆಗೋ ಪಿಷ್ಟ ಸಕ್ಕರೆ ಅಂಶ, ಸುಮಾರು 10 ಗ್ರಾಂ. ಹೋಟೆಲ್ ಇಡ್ಲಿ ಅದರ ಒಂದೂವರೆ ಎರಡು ಪಟ್ಟು ಇರತ್ತೆ, "ಎರಡು ಇಡ್ಲಿ" ಅನ್ನೋ ಲೆಕ್ಕಕ್ಕೆ ಅರ್ಥಾನೇ ಇಲ್ಲ. ಬೆಂದ ಅನ್ನ 100 ಗ್ರಾಮಿಗೆ 28 ಗ್ರಾಂ ಕಾರ್ಬ್. ರಾಗಿ ಹಿಟ್ಟು 100 ಗ್ರಾಮಿಗೆ 70ರ ಹತ್ತಿರ, ರಾಗಿ ತಿಂದ್ರೆ ಶುಗರ್ ಬರಲ್ಲ ಅಂತ ನಮ್ಮ ಕಡೆ ಎಲ್ಲರೂ ಹೇಳ್ತಾರೆ, ಟೈಪ್ 1 ಇರೋರು ಅದನ್ನ ನಂಬಿ ಮುದ್ದೆಗೆ ಇನ್ಸುಲಿನ್ ಕಮ್ಮಿ ಹಾಕ್ಬೇಡಿ. ಹಾಕೋ ಹಿಟ್ಟನ್ನ ತೂಗಿ, ಎಷ್ಟು ಮುದ್ದೆ ಆಯ್ತು ನೋಡಿ, ಭಾಗಿಸಿ.

ಎಷ್ಟು ಕಾರ್ಬಿಗೆ ಎಷ್ಟು ಯೂನಿಟ್ ಅನ್ನೋದಕ್ಕೆ ಒಂದು ಅಂದಾಜು ಇದೆ, 500ನ್ನ ನಿಮ್ಮ ಇಡೀ ದಿನದ ಒಟ್ಟು ಯೂನಿಟ್ಟಿಂದ ಭಾಗಿಸೋದು. ದಿನಕ್ಕೆ 40 ಯೂನಿಟ್ ತಗೊಳ್ಳೋರಿಗೆ ಒಂದು ಯೂನಿಟ್ ಸುಮಾರು 12 ಗ್ರಾಂ ಕಾರ್ಬ್ ನೋಡ್ಕೊಳ್ಳತ್ತೆ. ಇದು ಶುರು ಮಾಡೋಕೆ ಮಾತ್ರ, ನಿಮ್ಮ ನಂಬರನ್ನ ಡಾಕ್ಟ್ರು ಜೊತೆ ಕೂತು ಗಟ್ಟಿ ಮಾಡ್ಕೊಳ್ಳಿ, ಬೆಳಗ್ಗೆಗೇ ಬೇರೆ ರಾತ್ರಿಗೇ ಬೇರೆ ಇರತ್ತೆ.

ಇನ್ನು ಟೈಮಿಂಗ್. ನೋವೋರಾಪಿಡ್, ಹ್ಯೂಮಲಾಗ್ ಥರದ ಬೇಗ ಕೆಲಸ ಮಾಡೋ ಇನ್ಸುಲಿನ್ ಕೂಡ ಊಟಕ್ಕೆ 10-15 ನಿಮಿಷ ಮುಂಚೆ ಹೋಗ್ಬೇಕು, ಹಳೇ ರೆಗ್ಯುಲರ್ ಆದ್ರೆ 30 ನಿಮಿಷ. ನಾನು ತಿಂದು ಕೈ ತೊಳೆದ್ಮೇಲೆ ಚುಚ್ಕೊಳ್ತಿದ್ದೆ, ಅಷ್ಟೊತ್ತಿಗೆ ಶುಗರ್ ಹತ್ತಿ ಕೂತಿರ್ತಿತ್ತು. ಈಗ ಇಡ್ಲಿ ಕುಕ್ಕರ್ ಇಳಿಸಿ ಚುಚ್ಕೊಂಡು ಮಗಳಿಗೆ ಎರಡು ಜಡೆ ಹಾಕ್ತೀನಿ, ಎರಡನೇ ಜಡೆಗೆ ರಿಬ್ಬನ್ ಕಟ್ಟೋ ಹೊತ್ತಿಗೆ ಸರಿಯಾಗಿ 12 ನಿಮಿಷ ಆಗಿರತ್ತೆ, ಆಮೇಲೆ ತಟ್ಟೆ. ಡೋಸು ಒಂದು ಯೂನಿಟ್ಟೂ ಏರಿಸದೆ ತಿಂಡಿ ನಂತರದ ಶುಗರ್ 60-70 ಪಾಯಿಂಟ್ ಇಳೀತು. ಶುಗರ್ ಆಗಲೇ ಕಮ್ಮಿ ಇದ್ರೆ ಮಾತ್ರ ಕಾಯೋದು ಬೇಡ.

ಮೂರು ವಾರ ತಿಂಡಿ ಒಂದೇ. ಅದು ಕೂತ್ಮೇಲೆ ಮಧ್ಯಾಹ್ನದ ಡಬ್ಬಿ, ಆಮೇಲೆ ರಾತ್ರಿ.

6. ಆಫೀಸು

ಒಂದಿನ 11:30ಕ್ಕೆ ಕೌಂಟರಲ್ಲಿ ನೋಟು ಎಣಿಸ್ತಿದ್ದೆ, ಎಣಿಸಿದ್ದನ್ನೇ ಮೂರು ಸಲ ಎಣಿಸಿದೆ, ಪ್ರತಿಸಲ ಬೇರೆ ಲೆಕ್ಕ. ಕೈ ನಡುಗ್ತಿತ್ತು, ಮುಂದೆ ನಿಂತಿದ್ದ ಅಜ್ಜ "ಯಾಕವ್ವ, ಉಸಾರಿಲ್ವಾ?" ಅಂತ ಕೇಳೋವರೆಗೂ ನಾನು ಎದ್ದಿರಲಿಲ್ಲ. ಶುಗರ್ 46. ಪಕ್ಕದ ಸೀಟಿನೋರಿಗೆ ನನಗೆ ಟೈಪ್ 1 ಅಂತ ಗೊತ್ತೇ ಇರಲಿಲ್ಲ, ಆರು ವರ್ಷ ಅದೇ ಬ್ರಾಂಚಲ್ಲಿದ್ದೆ.

ಇಬ್ಬರಿಗೆ ಹೇಳಿ. ಎಲ್ಲರಿಗೂ ಬೇಡ, ಪಕ್ಕದಲ್ಲಿ ಕೂರೋ ಇಬ್ಬರಿಗೆ. ಲೋ ಆದ್ರೆ ಹೇಗಿರ್ತೀನಿ, ಗ್ಲೂಕೋಸ್ ಎಲ್ಲಿದೆ, ಇಷ್ಟು ಹೇಳಿದ್ರೆ ಸಾಕು. ಗ್ಲೂಕೋಸ್ ಪುಡೀನ 15 ಗ್ರಾಂ ತೂಗಿ ಚಿಕ್ಕ ಚಿಕ್ಕ ಪೊಟ್ಟಣ ಕಟ್ಟಿ ಡ್ರಾಯರಲ್ಲಿ, ಬ್ಯಾಗಲ್ಲಿ, ಸ್ಕೂಟರಲ್ಲಿ, ದಿಂಬಿನ ಪಕ್ಕ ಇಡಿ. 70ಕ್ಕಿಂತ ಕೆಳಗೆ ಬಂದ್ರೆ ಒಂದು ಪೊಟ್ಟಣ ನೀರಿಗೆ ಹಾಕಿ ಕುಡೀರಿ, 15 ನಿಮಿಷ ಬಿಟ್ಟು ಚೆಕ್ ಮಾಡಿ, ಏರಿಲ್ಲ ಅಂದ್ರೆ ಇನ್ನೊಂದು. ಚಾಕೊಲೇಟ್ ಬೇಡ, ಅದರ ಕೊಬ್ಬು ಸಕ್ಕರೆ ರಕ್ತಕ್ಕೆ ಸೇರೋದನ್ನ ನಿಧಾನ ಮಾಡತ್ತೆ. ಹೆದರಿ ಡಬ್ಬಿ ಪೂರ್ತಿ ತಿಂದ್ರೆ ಎರಡು ಗಂಟೇಲಿ 320. ಆಗ ಸಿಟ್ಟಿಗೆ ಇನ್ಸುಲಿನ್ ಮೇಲೆ ಇನ್ಸುಲಿನ್ ಹಾಕ್ಬೇಡಿ, ಒಂದ್ಸಲ ಹಾಕಿದ್ದು ಮೈಯೊಳಗೆ ಸುಮಾರು 4 ಗಂಟೆ ಕೆಲಸ ಮಾಡ್ತಾನೇ ಇರತ್ತೆ, ಎರಡನೇದು ಅದರ ಮೇಲೆ ಪೇರಿ ಸಂಜೆ ಟ್ರೈನಲ್ಲಿ ಬೀಳಿಸತ್ತೆ. ಪದೇ ಪದೇ ಲೋ ಆಗೋರಿಗೆ ನಡುಕ ಬೆವರು ಟೈಮಿಗೆ ಬರೋದೇ ನಿಂತೋಗತ್ತೆ, ನನಗೆ ಆಗಿದ್ದೂ ಅದೇ. ಕೆಲವು ವಾರ ಲೋ ಆಗದ ಹಾಗೆ ನೋಡ್ಕೊಂಡ್ರೆ ಆ ಸೂಚನೆಗಳು ಬಹಳ ಸಲ ವಾಪಸ್ ಬರುತ್ವೆ. ಗಾಡಿ ಓಡಿಸೋರು ಕೀ ಹಾಕೋ ಮುಂಚೆ ಚೆಕ್ ಮಾಡಿ.

ಇನ್ಸುಲಿನ್ನ ಟಾಯ್ಲೆಟ್ಟಿಗೆ ಹೋಗಿ ಕದ್ದು ತಗೊಳ್ಬೇಡಿ. ಸೀಟಲ್ಲೇ ತಗೊಳ್ಳಿ.

7. ಮನೆ

ಲೋ ಆದಾಗ ನಾನು ಸಕ್ಕರೆ ಡಬ್ಬಕ್ಕೆ ಕೈ ಹಾಕಿದ್ರೆ ಅತ್ತೆ "ಬೇಡ ಕಣಮ್ಮ, ನಿಂಗೆ ಶುಗರ್ ಅಲ್ವಾ" ಅಂತ ಡಬ್ಬ ಎತ್ತಿ ಮೇಲೆ ಇಡೋರು. ಪ್ರೀತಿಗೇ ಮಾಡ್ತಿದ್ದಿದ್ದು, ತಪ್ಪು ನನ್ನದು, ನಾನು ಯಾವತ್ತೂ ಕೂರಿಸ್ಕೊಂಡು ಹೇಳಿರಲಿಲ್ಲ. ಒಂದು ಭಾನುವಾರ ಮೀಟರ್ ಅವರ ಕೈಗೆ ಕೊಟ್ಟು ತೋರಿಸ್ದೆ, "ಅತ್ತೆ, ಈ ನಂಬರ್ 70ಕ್ಕಿಂತ ಕಮ್ಮಿ ಇದ್ರೆ ಸಕ್ಕರೆನೇ ನನಗೆ ಔಷಧಿ, ಜಾಸ್ತಿ ಇದ್ರೆ ಇನ್ಸುಲಿನ್ ಔಷಧಿ". ಈಗ ನನ್ನ ಮುಖ ಬೆವತ್ರೆ ಅವರೇ ಮೀಟರ್ ತರ್ತಾರೆ. ಎಚ್ಚರ ತಪ್ಪಿದ್ರೆ ಬಾಯಿಗೆ ನೀರು ಸಕ್ಕರೆ ಏನೂ ಹಾಕ್ಬಾರ್ದು, ಒಂದು ಮಗ್ಗುಲಿಗೆ ಮಲಗಿಸಿ 108ಕ್ಕೆ ಫೋನ್ ಮಾಡ್ಬೇಕು ಅನ್ನೋದನ್ನ 10 ವರ್ಷದ ಮಗಳಿಗೂ ಹೇಳ್ಕೊಟ್ಟಿದ್ದೀನಿ.

ಗಂಡನಿಗೆ "ಸಹಾಯ ಮಾಡಿ" ಅಂದ್ರೆ ಏನ್ ಮಾಡ್ಬೇಕು ಅಂತ ಅವರಿಗೆ ಗೊತ್ತಾಗಲ್ಲ, ಹೆಸರಿಟ್ಟು ಕೆಲಸ ಕೊಡಿ. ನಮ್ಮನೇಲಿ ಸ್ಟ್ರಿಪ್, ಸೂಜಿ, ಇನ್ಸುಲಿನ್ ಖಾಲಿ ಆಗೋ ಎರಡು ವಾರ ಮುಂಚೆ ತರೋದು ಅವರದು, ಬೆಳಗ್ಗೆ 6:10ರಿಂದ 6:30ರವರೆಗೆ ಮಕ್ಕಳು "ಅಮ್ಮಾ" ಅಂದ್ರೆ ಉತ್ತರ ಕೊಡೋದೂ ಅವರದೇ. ಆ 20 ನಿಮಿಷ ನನ್ನ ಎಚ್‌ಬಿಎ1ಸಿಗೆ ಯಾವ ಹೊಸ ಔಷಧಿಗಿಂತ ಜಾಸ್ತಿ ಕೆಲಸ ಮಾಡಿದೆ.

ಮದುವೆ ಮನೇಲಿ ಎಲೆ ಹಾಕಿ ಬಡಿಸೋಕೆ ಅರ್ಧ ಗಂಟೆ ಮಾಡ್ತಾರೆ, ಅನ್ನ ಎಲೆಗೆ ಬಿದ್ಮೇಲೇ ಚುಚ್ಕೊಳ್ಳಿ. ಒಬ್ಬಟ್ಟು ತಿನ್ನಿ, ಒಂದು, ಲೆಕ್ಕ ಹಾಕಿ. ಏಕಾದಶಿ ಉಪವಾಸಕ್ಕೆ ಊಟದ ಇನ್ಸುಲಿನ್ ಬಿಡಬಹುದೇನೋ, ಲಾಂಗ್ ಆಕ್ಟಿಂಗ್ ಬಿಡೋ ಹಾಗೇ ಇಲ್ಲ, ಡಾಕ್ಟ್ರನ್ನ ಕೇಳದೆ ಉಪವಾಸಾನೇ ಬೇಡ.

8. ಜ್ವರ, ವಾಂತಿ ಬಂದ ದಿನ

ಊಟ ಸೇರ್ತಿಲ್ಲ ಅಂತ ಇನ್ಸುಲಿನ್ ಬಿಟ್ಟು ಐಸಿಯು ಸೇರಿದೋರನ್ನ ನೋಡಿದ್ದೀನಿ. ಕಾಯಿಲೆ ಬಂದಾಗ ಇನ್ಸುಲಿನ್ ಬಹಳ ಸಲ ಜಾಸ್ತಿನೇ ಬೇಕಾಗತ್ತೆ. ಎರಡು ಮೂರು ಗಂಟೆಗೊಮ್ಮೆ ಚೆಕ್ ಮಾಡಿ, ನೀರು ಮಜ್ಜಿಗೆ ಗಂಜಿ ಗುಟುಕು ಗುಟುಕಾಗಿ ಕುಡೀತಿರಿ, 250 ದಾಟಿದ್ರೆ ಮೂತ್ರದ ಕೀಟೋನ್ ಪಟ್ಟಿ ನೋಡಿ, ಇನ್ಸುಲಿನ್ ಸಾಲದೆ ಮೈ ಕೊಬ್ಬನ್ನ ಕರಗಿಸಿದಾಗ ರಕ್ತದಲ್ಲಿ ಸೇರೋ ಆಮ್ಲಾನೇ ಕೀಟೋನ್. ಆ ಪಟ್ಟಿ ಮೆಡಿಕಲ್ ಶಾಪಲ್ಲಿ ಸಿಗತ್ತೆ, ಒಂದು ಡಬ್ಬಿ ಮನೇಲಿ ಇರ್ಲೇಬೇಕು. ಕೀಟೋನ್ ಇದ್ದು ವಾಂತಿ ನಿಲ್ತಿಲ್ಲ, ಹೊಟ್ಟೆ ನೋವು, ಉಸಿರು ಜೋರಾಗ್ತಿದೆ ಅಂದ್ರೆ ಬೆಳಗಾಗ್ಲಿ ನೋಡೋಣ ಅನ್ಬೇಡಿ, ಆ ಕ್ಷಣ ಆಸ್ಪತ್ರೆಗೆ ಹೊರಡಿ, "ನನಗೆ ಟೈಪ್ 1" ಅಂತ ಬಾಗಿಲಲ್ಲೇ ಹೇಳಿ.

9. ಮನಸ್ಸು, ದುಡ್ಡು

ಸಾಕಾಗಿದೆ, ಇವತ್ತೊಂದಿನ ಈ ಕಾಯಿಲೆ ಬೇಡ ಅನ್ಸೋದು ತಪ್ಪಲ್ಲ, ವರ್ಷಗಟ್ಟಲೆ ಟೈಪ್ 1 ಜೊತೆ ಇರೋರಲ್ಲಿ ತುಂಬಾ ಜನಕ್ಕೆ ಅನ್ಸತ್ತೆ. ಅದು ವಾರಗಟ್ಟಲೆ ಇದ್ರೆ ಡಾಕ್ಟ್ರ ಹತ್ರ ಶುಗರ್ ನಂಬರ್ ಜೊತೆ ಇದನ್ನೂ ಹೇಳಿ. ಒಬ್ಬ ಡಾಕ್ಟ್ರು ನನ್ನ ರಿಪೋರ್ಟ್ ನೋಡಿ "ಓದಿದೋರು ನೀವೇ ಹಿಂಗಾದ್ರೆ" ಅಂದಿದ್ರು, ಎರಡು ವರ್ಷ ನಾನು ಯಾವ ಡಾಕ್ಟ್ರ ಹತ್ರಾನೂ ಹೋಗಲಿಲ್ಲ. ಬಯ್ಯೋ ಡಾಕ್ಟ್ರನ್ನ ಬಿಡಿ, ಆದ್ರೆ ಡಾಕ್ಟ್ರನ್ನೇ ಬಿಡ್ಬೇಡಿ. ಖರ್ಚು ಭಾರ ಆಗ್ತಿದ್ರೆ ಸರ್ಕಾರಿ ಆಸ್ಪತ್ರೇಲಿ ಇನ್ಸುಲಿನ್ ಸಿಗತ್ತಾ ವಿಚಾರಿಸಿ, ಬೆಂಗಳೂರಲ್ಲಿ ಈ ಕಾಯಿಲೆಗಳಿಗೇ ಅಂತ ಸರ್ಕಾರದ ಕರ್ನಾಟಕ ಇನ್‌ಸ್ಟಿಟ್ಯೂಟ್ ಆಫ್ ಎಂಡೋಕ್ರೈನಾಲಜಿ ಅಂಡ್ ರಿಸರ್ಚ್ ಇದೆ. ದುಡ್ಡಿಲ್ಲ ಅಂತ ಡೋಸು ಅರ್ಧ ಮಾಡ್ಕೊಂಡು ಸುಮ್ನಿರ್ಬೇಡಿ, ಬಾಯ್ಬಿಟ್ಟು ಹೇಳಿ, ಕಮ್ಮಿ ಬೆಲೆಯ ಇನ್ಸುಲಿನ್ನೂ ಇದೆ.

ಮೂರು ತಿಂಗಳಿಗೊಮ್ಮೆ ಎಚ್‌ಬಿಎ1ಸಿ. ನನ್ನದು 10.4, ಆಮೇಲೆ 9.2, 8.3, ಮಧ್ಯೆ ಮಾವನೋರು ಆಸ್ಪತ್ರೇಲಿದ್ದಾಗ ಮತ್ತೆ 8.6, ಕಳೆದ ಸಲ 7.5. ಮುಂದಿನ ತಾರೀಖನ್ನ ಅಡುಗೆಮನೆ ಕ್ಯಾಲೆಂಡರಲ್ಲಿ ಬರೆದಿದ್ದೀನಿ, ಗ್ಯಾಸ್ ಬುಕ್ ಮಾಡಿದ ದಿನ ಬರೆಯೋ ಕೆಂಪು ಪೆನ್ನಲ್ಲೇ.